ಬೇಡ ಎಂದವರಿಗೆ ಬಡಿಸದ ಹಡಗು

೧೯೮೪ನೇ ಇಸವಿಯಲ್ಲಿ, ಏಳನೇ ಇಯತ್ತೆಯ ನಡುವೆ, ನಾನು ಓದು ನಿಲ್ಲಿಸಿದೆ. ಬಡತನ, ತಂದೆಯ ಕಾಯಿಲೆ ಎಂದೆಲ್ಲ ಹೇಳಿದರೆ ಕೇಳುವವರಿಗೆ ಸಮಾಧಾನವಾಗುತ್ತದೆ. ನಿಜ ಅದಲ್ಲ. ಗಣಿತದ ಮಾಸ್ತರರು ನನ್ನನ್ನು ಹಿಂದಿನ ಬೆಂಚಿಗೆ ಕಳಿಸಿದರು. ನಾನು ಅಲ್ಲಿಂದ ಇನ್ನೂ ಸ್ವಲ್ಪ ಹಿಂದಕ್ಕೆ, ಬಾಗಿಲಿನ ಆಚೆಗೆ ಹೋದೆ. ತಿರುಗಿ ಬರಲಿಲ್ಲ.

ಶಿರಸಿ ಪೇಟೆಯಲ್ಲಿ ಮದುವೆ ಮುಂಜಿಗಳಿಗೆ ಪಾತ್ರೆ, ಜಮಖಾನೆ, ಖುರ್ಚಿ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಹೊರುವುದು, ಇಳಿಸುವುದು, ತೊಳೆಯುವುದು, ತಿರುಗಿ ಹೊರುವುದು. ಹದಿನೈದು ವರ್ಷ ಹೊತ್ತ ಮೇಲೆ ಆ ಅಂಗಡಿಯನ್ನೇ ಕೊಂಡೆ. ಅಡಿಗೆಯ ಕೊಳಗವನ್ನು ತಲೆಯ ಮೇಲೆ ಹೊತ್ತವನು ಕೊಳಗದ ಯಜಮಾನನಾದ ಕತೆಯನ್ನು ಈಗ ನಾನು ಯಾರು ಕೇಳಿದರೂ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.

ಪಾತ್ರೆಯ ಹಿಂದೆ ಹೋದವನು ಪಂಕ್ತಿಯನ್ನು ನೋಡುತ್ತಾನೆ. ಹುಲೇಕಲ್, ಸೋಂದಾ, ಸಿದ್ದಾಪುರದ ಆಚೆಯ ಹೇರೂರು, ಯಲ್ಲಾಪುರ, ಎಲ್ಲ ಕಡೆ ಊಟ ನೋಡಿದೆ. ನಮ್ಮ ಜನರ ಮದುವೆಗಳಲ್ಲಿ ಕೈ ಕಮ್ಮಿ ಬಿದ್ದಾಗ ಬಡಿಸಲಿಕ್ಕೂ ನಿಂತೆ. ಹಾಗೆ ನಿಂತು ನಿಂತು, ಶಾಲೆಯಲ್ಲಿ ಕಲಿಯದ ಒಂದು ವಿದ್ಯೆ ಕಲಿತೆ. ಅದು "ಬೇಡ" ಎನ್ನುವುದರ ವಿದ್ಯೆ.

ನಮ್ಮಲ್ಲಿ ಯಾರೂ ಮೊದಲ ಸಲಕ್ಕೆ "ಹಾಕಿ" ಎನ್ನುವುದಿಲ್ಲ. ಹಾಗೆಂದವನು ಊಟ ಕಾಣದವನು. ಬಾಯಲ್ಲಿ ಬೇಡ ಎಂದು ಕಣ್ಣು ಪಾತ್ರೆಯ ಮೇಲಿದ್ದರೆ ಎರಡು ಹೋಳಿಗೆ ಹಾಕಬೇಕು. ಎಲೆಗೆ ಒಂದು ಕೈ ಅಡ್ಡ ಹಿಡಿದಿದ್ದರೆ ಬೆರಳ ಸಂದಿಯಿಂದ ಒಂದನ್ನು ಇಳಿಬಿಡಬೇಕು. ಎರಡೂ ಕೈ ಅಡ್ಡ ಇಟ್ಟು ಎದೆಯನ್ನೂ ಬಗ್ಗಿಸಿದ್ದರೆ ಅರ್ಧ. ಎದ್ದು ನಿಂತರೆ ಮಾತ್ರ ಅದು ಬೇಡ. ಅದೂ ಕೆಲವು ಸಲ ತುಪ್ಪ ಬರಲಿಲ್ಲ ಎನ್ನುವ ಸಿಟ್ಟು. ಉಣ್ಣುವವನ ಕೆಲಸ ಬೇಡ ಎನ್ನುವುದು, ಬಡಿಸುವವನ ಕೆಲಸ ಅದನ್ನು ನಂಬದೇ ಇರುವುದು. ಇಬ್ಬರೂ ತಮ್ಮ ತಮ್ಮ ಕೆಲಸ ಸರಿಯಾಗಿ ಮಾಡಿದರೆ ಹೊಟ್ಟೆ ತುಂಬುತ್ತದೆ.

ಇನ್ನೊಂದು ನಿಯಮವೂ ಇದೆ. ಬಡಿಸಿದವನು ಕೊನೆಯ ಪಂಕ್ತಿಯಲ್ಲಿ ಉಣ್ಣಬೇಕು. ಆ ಹೊತ್ತಿಗೆ ಹೋಳಿಗೆ ಮುಗಿದು ಹೂರಣ ಉಳಿದಿರುತ್ತದೆ, ಸಾರಿನ ತಳ ಮಾತ್ರ ಇರುತ್ತದೆ, ಒತ್ತಾಯ ಮಾಡುವವರು ಮಲಗಿರುತ್ತಾರೆ. ಎಷ್ಟೋ ವರ್ಷ ನಾನು ಉಂಡದ್ದು ಹಾಗೆ.

ಆ ಎಲ್ಲ ಮದುವೆಗಳಲ್ಲಿ ನಾನು ಕಣ್ಣು ಕೀಳದೆ ನೋಡಿದ್ದು ಬೀಗರನ್ನು. ಗಂಡಿನ ಕಡೆಯವರು ಎಂದರೆ ನಮ್ಮಲ್ಲಿ ಎರಡು ದಿನದ ದೇವರುಗಳು. ಬಿಸಿನೀರು ಮೊದಲು ಅವರಿಗೆ, ಚಾ ಮೊದಲು ಅವರಿಗೆ, ತಲೆಬಾಚಲು ಕನ್ನಡಿ ಅವರಿಗೆ. ಅಷ್ಟಾದರೂ "ನೀರು ಬಿಸಿ ಇರಲಿಲ್ಲ" ಎಂಬ ಮಾತು ಹತ್ತು ವರ್ಷ ಓಡಾಡುತ್ತದೆ.

ಕಡೆಗೆ ನನಗೂ ಬೀಗರಾದರು. ಒಬ್ಬಳೇ ಮಗಳನ್ನು ಬನವಾಸಿ ಕಡೆಯ ವ್ಯಾಪಾರಸ್ಥರ ಮನೆಗೆ ಕೊಟ್ಟೆ. ಹುಡುಗ ಒಳ್ಳೆಯವನು, ಮನೆ ದೊಡ್ಡದು. ಬೀಗರು ಮಾತ್ರ ಮನೆಗಿಂತ ದೊಡ್ಡವರು. ಮದುವೆಯ ದಿನ ನಾನು ರೇಷ್ಮೆ ಶಲ್ಯ ಹೊದ್ದು, ಒಂದು ಪಾತ್ರೆಯನ್ನೂ ಮುಟ್ಟುವುದಿಲ್ಲವೆಂದು ನಿಶ್ಚಯಿಸಿದ್ದೆ. ಮೊದಲ ಪಂಕ್ತಿಗೆ ಬೀಗರ ಪಕ್ಕದಲ್ಲಿ ನನಗೂ ಒಂದು ಎಲೆ ಹಾಕಿಸಿದ್ದೆ. ಸಾರು ಬರುವ ಹೊತ್ತಿಗೆ ಸರಿಯಾಗಿ ಬಡಿಸುವ ಇಬ್ಬರು ಕಾಣೆಯಾದರು. ಕೈ ತುರಿಸಿತು. ಎದ್ದೆ, ಶಲ್ಯವನ್ನು ಸೊಂಟಕ್ಕೆ ಕಟ್ಟಿದೆ, ಸಾರಿನ ಬಕೆಟ್ಟು ಹಿಡಿದೆ. ಬೀಗರು ಎಲೆಯಿಂದ ತಲೆಯೆತ್ತಿ, ತಮ್ಮ ಕಡೆಯ ನೂರು ಮಂದಿಗೂ ಕೇಳುವಂತೆ ಹೇಳಿದರು:

"ಬೀಗರ, ನೀವು ಬಡಿಸೂದ ಚೊಲೋ ಕಾಣತೈತಿ ನೋಡ್ರಿ. ಕುಂತ್ರ ಒಪ್ಪಂಗಿಲ್ಲ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ. ಬಕೆಟ್ಟು ಕೈಯಲ್ಲಿರುವಾಗ ಬೇರೇನು ಮಾಡಲು ಬರುತ್ತದೆ?

ಆಮೇಲೆ ಅವರ ಮನೆಗೆ ಹಬ್ಬಕ್ಕೆ ಹೋದಾಗಲೆಲ್ಲ ಅದೇ. ಕಾಲು ತೊಳೆದು ಒಳಗೆ ಬರುವುದೇ ತಡ, "ಬೀಗರ, ಒಂದೀಟ ಅಡಿಗಿ ಮನಿ ಕಡೆ ಕಣ್ಣ ಹಾಕ್ರಿ, ನೀವು ತಿಳಿದವರು." ನನ್ನ ಎಲೆ ತಣ್ಣಗಾಗಿ ಕಾಯುತ್ತಿತ್ತು. ಅಂದಿನಿಂದ ನನ್ನ ಜೀವಕ್ಕೆ ಒಂದೇ ಹಟ ಹತ್ತಿತು. ಒಮ್ಮೆ, ಒಂದೇ ಒಮ್ಮೆ, ಆ ಮನುಷ್ಯನ ಪಕ್ಕದಲ್ಲಿ ಒಂದೇ ಪಂಕ್ತಿಯಲ್ಲಿ ಕೂರಬೇಕು. ಮೂರನೆಯವನು ಬಡಿಸಬೇಕು. ಶುರುವಿನಿಂದ ಮಜ್ಜಿಗೆಯ ತನಕ ನಾನು ಏಳಬಾರದು.

ಅದಕ್ಕೆ ಸಮುದ್ರದ ಮಧ್ಯಕ್ಕೇ ಹೋಗಬೇಕಾದೀತು ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಬೀಗರು ಗಂಡಹೆಂಡತಿ ಒಂದು ಸಣ್ಣ ಐಷಾರಾಮಿ ಹಡಗಿನಲ್ಲಿ ಪ್ರವಾಸ ಮಾಡಿ ಬಂದರು. ಬಂದವರು ಆರು ತಿಂಗಳು ನೆಲಕ್ಕೆ ಇಳಿಯಲಿಲ್ಲ. ಯಾರದೋ ಮನೆಯ ಸೀಮಂತಕ್ಕೆ ಹೋದರೂ ಹಡಗು, ತಿಥಿಗೆ ಹೋದರೂ ಹಡಗು.

"ದೊಡ್ಡದಿತ್ತೇನ್ರಿ ಹಡಗು?" ಎಂದು ನಾನೊಮ್ಮೆ ಕೇಳಿಬಿಟ್ಟೆ.

ಬೀಗರಿಗೆ ನನ್ನ ಮೇಲೆ ಕನಿಕರ ಬಂತು. "ದೊಡ್ಡದ? ದೊಡ್ಡ ಹಡಗಂದ್ರ ಜಾತ್ರಿರೀ ಬೀಗರ. ಸಾವಿರ ಮಂದಿ. ತಾಟು ಹಿಡದು ಸಾಲಿನ್ಯಾಗ ನಿಂತು ಉಣ್ಣೂದು. ಸಣ್ಣದು ಅಂದ್ರ ಶಾಣ್ಯಾರ ಹಡಗು. ನಲವತ್ತ ಮಂದಿ. ಕುಂತಲ್ಲೇ ತಂದು ಕೊಡ್ತಾರ. ನಿಮ್ಮ ಹೆಸರು ಹಿಡದು ಮಾತಾಡಸ್ತಾರ."

ಸಣ್ಣದಕ್ಕೆ ಹೆಚ್ಚು ದುಡ್ಡು, ದೊಡ್ಡದಕ್ಕೆ ಕಡಿಮೆ! ನಾನು ಇಷ್ಟು ವರ್ಷ ದೊಡ್ಡ ಕೊಳಗಕ್ಕೆ ಹೆಚ್ಚು ಬಾಡಿಗೆ ಹೇಳುತ್ತ ಬಂದವನು. ಶ್ರೀಮಂತರ ಲೆಕ್ಕ ಬೇರೆ ಎಂದು ಅಂದು ತಿಳಿಯಿತು.

ಈ ವರ್ಷ ತಿರುಗಿ ಹೊರಟರು. "ನೀವೂ ಬರ್ರಿ" ಎಂದು ಕರೆದರು. ಬರುವುದಿಲ್ಲ ಎಂದು ಗೊತ್ತಿದ್ದವರನ್ನು ಕರೆಯುವ ಧಾಟಿ ಒಂದಿದೆ, ಅದರಲ್ಲಿ ಕರೆದರು. ನಾನು ಮರುದಿನವೇ ನನ್ನ ಮತ್ತು ಹೆಂಡತಿಯ ಹಣವನ್ನು ನಾನೇ ಕಟ್ಟಿಬಿಟ್ಟೆ. ಎಷ್ಟು ಎಂದು ಇಲ್ಲಿ ಹೇಳುವುದಿಲ್ಲ, ಇದನ್ನು ಅವಳೂ ಓದುತ್ತಾಳೆ.

ಅವಳು ಕೇಳಿದ್ದು ಇಷ್ಟೇ: "ಎಂತಕ್ಕೆ ಮಾರಾಯ್ರೇ, ಅಷ್ಟು ದೂರ?"

"ಸುಮ್ಮನೆ ಕೂರಲಿಕ್ಕೆ."

"ಸುಮ್ಮನೆ ಕೂರುದು ನಮ್ಮನೇಲೂ ಆಗ್ತದೆ. ನೀವು ಒಂದಿನನೂ ಕೂತದ್ದು ನೋಡ್ಲಿಲ್ಲ ನಾನು."

ನನ್ನ ಪಾತ್ರೆಗಳಲ್ಲೇ ಅಡಿಗೆ ಮಾಡುವ ಸಿದ್ದಾಪುರ ಕಡೆಯ ಭಟ್ಟರೊಬ್ಬರಿದ್ದಾರೆ. ನನ್ನ ಹಳೆಯ ಸ್ನೇಹಿತರು. ಅವರಿಗೆ ಹೇಳಿದೆ. ಅವರು ಸೌಟು ನಿಲ್ಲಿಸಿ ನನ್ನನ್ನು ನೋಡಿದರು. "ಸಮುದ್ರದ ಮಧ್ಯೆ ಹೋಗಿ ಊಟ ಮಾಡಕಾ ಮಾರಾಯ? ಇಲ್ಲಿ ಎಂತ ಕಮ್ಮಿ ಇದ್ದು ಹೇಳು. ನೀರು ಬೇಕಾದ್ರೆ ಬಾವಿ ಇದ್ದು. ಅಲ್ಲಿ ಬಡಿಸವ್ರು ಯಾರು ಹೇಳಾದ್ರೂ ವಿಚಾರ್ಸಿದ್ಯಾ?"

ವಿಚಾರಿಸಿರಲಿಲ್ಲ. ಅದೇ ನಾನು ಮಾಡಿದ ತಪ್ಪು.

ಗೋವಾದಲ್ಲಿ ಹತ್ತಿದೆವು. ಹಡಗು ಅಲ್ಲಿಂದ ತೆಂಕಲಿಗೆ, ನಮ್ಮದೇ ಕರಾವಳಿಯನ್ನು ಎಡಕ್ಕೆ ಬಿಟ್ಟುಕೊಂಡು ಕೊಚ್ಚಿಗೆ ಹೋಗುವುದು. ನಾಲ್ಕು ರಾತ್ರಿ. ಮೆಟ್ಟಿಲ ಬುಡದಲ್ಲಿ ಬಿಳಿ ಅಂಗಿಯ ಹುಡುಗನೊಬ್ಬ ಚಿಮಟದಲ್ಲಿ ಹಿಡಿದು ತಣ್ಣಗಿನ ಒದ್ದೆ ಬಟ್ಟೆ ಕೊಟ್ಟ. ಮುಖ ಒರೆಸಿಕೊಳ್ಳಲಂತೆ. ಕೊಟ್ಟು, ನನ್ನ ಹೆಸರು ಹಿಡಿದು ಕರೆದ. ಕಟ್ಟಿಕೊಂಡ ಹೆಂಡತಿ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಬಾಯಲ್ಲಿ ತರದ ಹೆಸರು. ಅವಳು ಬೆಚ್ಚಿ ಹಿಂದೆ ನೋಡಿದಳು, ಯಾರೋ ಸಾಲ ವಸೂಲಿಗೆ ಬಂದವನಿರಬೇಕೆಂದು.

"ನೋಡಿದ್ರ್ಯಾ?" ಎಂದರು ಬೀಗರು. "ಹೆಸರು ಬಾಯಾಗೈತಿ."

ನಮ್ಮೂರಿನಲ್ಲಿ ಹೆಸರು ಹಿಡಿದು ಕೂಗಿಸಿಕೊಳ್ಳಲು ದುಡ್ಡು ಕೊಡಬೇಕಾಗಿಲ್ಲ. ಕೊಡಬೇಕಾದ ದುಡ್ಡು ಕೊಡದಿದ್ದರೆ ಸಾಕು, ಬಸ್‌ಸ್ಟ್ಯಾಂಡಿನಲ್ಲಿ ನಿಂತು ತಂದೆಯ ಹೆಸರನ್ನೂ ಸೇರಿಸಿ ಕೂಗುತ್ತಾರೆ.

ಕೋಣೆ ನಮ್ಮ ಅಂಗಡಿಯ ಜಮಖಾನೆ ಇಡುವ ಕೋಣೆಯಷ್ಟಿತ್ತು. ಆದರೆ ಗೋಡೆಯ ತುಂಬ ಸಾಗವಾನಿ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ, ಸಾಗವಾನಿಯ ಚಿತ್ರ ಅಂಟಿಸಿದ ಹಲಗೆ. ಯಲ್ಲಾಪುರದ ಕಾಡಿನ ಮಗ್ಗುಲಲ್ಲಿ ಬೆಳೆದವರನ್ನು ಮರದ ಫೋಟೋ ತೋರಿಸಿ ಮೋಸ ಮಾಡಲು ಬರುವುದಿಲ್ಲ. ಹಾಸಿಗೆಯ ಮೇಲೆ ಟವೆಲನ್ನು ಮಡಚಿ ಮಡಚಿ ಹಂಸ ಮಾಡಿ ಕೂರಿಸಿದ್ದರು. ಹೆಂಡತಿ ಅದನ್ನು ಬಿಚ್ಚಲಿಲ್ಲ. "ಪಾಪ, ಎಷ್ಟು ಕಷ್ಟಪಟ್ಟು ಮಾಡಿದಾರೆ" ಎಂದು ಎರಡು ದಿನ ಮಿಂದು ಸೆರಗಿನಲ್ಲೇ ಒರೆಸಿಕೊಂಡಳು. ಬೆಳಿಗ್ಗೆ ಕೋಣೆ ಗುಡಿಸಲು ಬಂದವನಿಗೆ ಏನೂ ಕೆಲಸ ಉಳಿದಿರಲಿಲ್ಲ. ಅವಳು ಆರಕ್ಕೇ ಎದ್ದು ಹಾಸಿಗೆ ಸುತ್ತಿ, ಲೋಟ ತೊಳೆದು, ನೆಲ ಒರೆಸಿದ್ದಳು. ಆತ ಕಂಗಾಲಾಗಿ, ತನ್ನ ಕೆಲಸದಲ್ಲೇನಾದರೂ ತಪ್ಪಾಯಿತೇ ಎಂದು ಹಿಂದಿಯಲ್ಲಿ ಕೇಳಿದ. ಅವಳು ಅವನಿಗೆ ಬೆಲ್ಲ, ನೀರು ಕೊಟ್ಟು ಕೂರಿಸಿದಳು.

ಎರಡನೆಯ ದಿನ ಹೊನ್ನಾವರದ ಎದುರಿಗೆ ನಿಂತೆವು. ಸಣ್ಣ ಹಡಗಿನ ಹೆಚ್ಚುಗಾರಿಕೆ ಇದೇ ಅಂತೆ, ದೊಡ್ಡವು ಬರಲಾರದ ಕಡೆಗೆ ಇದು ಬರುತ್ತದೆ. ಹೆಚ್ಚುಗಾರಿಕೆ ತೋರಿಸಲು ಹಡಗಿನ ಕಡೆಯ ಒಬ್ಬಾಕೆ ಮೈಕು ಹಿಡಿದು ಮೂಡಣದ ನೀಲಿ ಘಟ್ಟದತ್ತ ಕೈಮಾಡಿ, ಮನುಷ್ಯ ಮುಟ್ಟದ ಕಾಡು ಎಂದಳು. ದೆಹಲಿಯ ಡಾಕ್ಟರರು, ಪುಣೆಯ ನಿವೃತ್ತ ದಂಪತಿ, ಎಲ್ಲರೂ "ಆಹಾ" ಎಂದರು. ಆ ಮುಟ್ಟದ ಕಾಡಿನ ಆಚೆ ಬದಿ ಹೇರೂರಿನ ಒಂದು ಮುಂಜಿಗೆ ಅದೇ ದಿನ ನನ್ನ ಹದಿನೆಂಟು ಕೊಳಗ, ಇನ್ನೂರು ಖುರ್ಚಿ ಹೋಗಿದ್ದವು. ಬಸ್ಸಿನಲ್ಲಿ ನಿದ್ದೆ ಮಾಡುತ್ತ ಹತ್ತಿ ಇಳಿಯುವ ಘಟ್ಟವನ್ನು ಇಷ್ಟು ಹಣ ಕೊಟ್ಟು ಕಡಲಿನಿಂದ ನೋಡಿದ ಶಿರಸಿಯವರು ನಾವೇ ಮೊದಲಿಗರಿರಬೇಕು.

ಆದರೆ ಸುಳ್ಳು ಹೇಳಬಾರದು. ಅಂದು ಬೆಳಿಗ್ಗೆ ಹೆಂಡತಿ ಕಟಕಟೆಗೆ ಒರಗಿ ನಿಂತಿದ್ದಳು. ಕಡಲು ಎಣ್ಣೆಯ ಹಾಗೆ ನಿಂತಿತ್ತು. ಕೈಯಲ್ಲಿ ಯಾರೋ ಮಾಡಿಕೊಟ್ಟ ಚಾ.

"ಒಂದು ತಾಸಾಯ್ತು ನೋಡಿ," ಎಂದಳು. "ಯಾರೂ ನನ್ನ ಕರೀಲಿಲ್ಲ."

ಸಣ್ಣ ಹಡಗಿಗೆ ಜನ ಏಕೆ ಹೋಗುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವ ಉತ್ತರ ಅದು. ಉಳಿದದ್ದೆಲ್ಲ ಟವೆಲಿನ ಹಂಸ.

ಇನ್ನು ಊಟ.

ಮೊದಲ ರಾತ್ರಿ ನಾಲ್ಕು ಜನರ ಮೇಜು. ನಾನು, ನನ್ನಾಕೆ, ಬೀಗರು, ಬೀಗಿತ್ತಿ. ಬಿಳಿ ಬಟ್ಟೆ, ಮೇಣದ ಬತ್ತಿ, ಎರಡು ಪಕ್ಕಕ್ಕೂ ಚಮಚಗಳ ಮೆರವಣಿಗೆ. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಬೀಗರ ಪಕ್ಕದಲ್ಲಿ, ಒಂದೇ ಎತ್ತರದ ಖುರ್ಚಿಯಲ್ಲಿ, ಮೂರನೆಯವನು ಬಡಿಸಲು ಬರುತ್ತಿದ್ದಾನೆ! ಕೊಟ್ಟ ಹಣ ಆ ಗಳಿಗೆಗೇ ತೀರಿತು ಎಂದುಕೊಂಡೆ.

ಬಂತು. ಎತ್ತಿನಗಾಡಿಯ ಚಕ್ರದಷ್ಟು ತಾಟು, ಅದರ ನಡುವೆ ಮೂರು ತುಂಡು ಕುಂಬಳಕಾಯಿ. ಮೂರರ ಮೇಲೂ ಒಂದೊಂದು ಎಲೆ. ಸುತ್ತ ಹಸಿರು ಚುಕ್ಕೆ ಇಟ್ಟಿದ್ದರು, ಯಾರಿಗೋ ದೃಷ್ಟಿ ತಾಗದಿರಲೆಂಬಂತೆ. ಎರಡು ತುತ್ತಿಗೆ ಮುಗಿಯಿತು. ಬಡಿಸುವವನು ಬಾಗಿ, ಇನ್ನೂ ಬೇಕೇ ಎಂದು ಹಿಂದಿಯಲ್ಲಿ ಕೇಳಿದ.

"ಬೇಡ ಬೇಡ," ಎಂದು ಕೈಯಾಡಿಸಿದಳು ನನ್ನಾಕೆ.

"ಬ್ಯಾಡ್ರಿ," ಎಂದರು ಬೀಗಿತ್ತಿ.

"ಸಾಕು," ಎಂದೆ ನಾನು. ಬೀಗರು ತಾಟಿನ ಮೇಲೆ ಕೈ ಅಡ್ಡ ಹಿಡಿದರು, ಬೆರಳು ಸಾಕಷ್ಟು ಅಗಲಿಸಿ.

ಆತ "ಓಕೆ ಸಾರ್" ಎಂದು ನಾಲ್ಕೂ ತಾಟು ಎತ್ತಿಕೊಂಡು ಹೋದ!

ನಾವು ಕಾದೆವು. ಮುಂದಿನದು ಬಂತು, ಅದೂ ಹಾಗೆಯೇ. ಕೇಳಿದ, ಬೇಡ ಎಂದೆವು, ನಂಬಿದ, ಒಯ್ದ. ಅನ್ನ ಬಂತು, ಲಿಂಬೆಹಣ್ಣಿನಷ್ಟು. ಕೇಳಿದ, ಬೇಡ ಎಂದೆವು. ಹೋದ. ಹೀಗೆ ನಾಲ್ಕು ಜನ, ಇಬ್ಬರು ಬಡಿಸುವವರು, ಆರು ಬಗೆಯ ಪದಾರ್ಥ, ಒಂದು ಮೇಣದ ಬತ್ತಿ ಇದ್ದೂ ಉಪವಾಸ ಎದ್ದೆವು. ಒತ್ತಾಯ ಎಂಬುದು ಆ ಹಡಗಿನಲ್ಲಿ ಇರಲೇ ಇಲ್ಲ. ಮನುಷ್ಯನ ಮಾತನ್ನು ಹಾಗೆ ಸೀದಾ ನಂಬುವವರ ಕೈಗೆ ಸೌಟು ಕೊಡಬಾರದು.

"ಹಾಕು ಅಂತ ಹೇಳಿದರಾಗಿತ್ತಲ್ಲ" ಎಂದು ನೀವು ಕೇಳಬಹುದು. ಯಾರು ಹೇಳುವುದು? ಬೀಗರ ಎದುರಿಗೆ ನಾನು ಬಾಯಿಬಿಟ್ಟು ಅನ್ನ ಕೇಳಿದರೆ, ಆ ಮಾತು ಬನವಾಸಿ ಮುಟ್ಟುವಾಗ "ಬೀಗರು ಹಡಗಿನಾಗ ಅನ್ನಕ್ಕ ಅತ್ತರು" ಎಂದಾಗಿರುತ್ತಿತ್ತು. ಬೀಗರಿಗೂ ಅದೇ ಪೇಚು. ನನ್ನಂಥವನ ಎದುರಿಗೆ, ತಾವೇ ಹೊಗಳಿದ ಹಡಗಿನಲ್ಲಿ, ಹಸಿವೆ ಎಂದು ಹೇಳುವುದು ಹೇಗೆ? ಮೊದಲು ಕೇಳಿದವನು ಸೋತ. ಇಬ್ಬರೂ ಮೀಸೆ ಒರೆಸಿಕೊಂಡು, "ಬಾಳ ಚೊಲೋ ಆತ್ರಿ ಊಟ", "ಹೌದು ಹೌದು, ಭಾರಿ ಆಯ್ತು" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಕೋಣೆ ಸೇರಿದೆವು.

ಎರಡನೆಯ ದಿನ ಮೂರು ಹೊತ್ತೂ ಹೀಗೆಯೇ. ಬೆಳಗಿನ ತಿಂಡಿಗೆ ಸುಟ್ಟ ಬ್ರೆಡ್ಡಿನ ಬುಟ್ಟಿ ಮೇಜಿನ ಮೇಲೇ ಇಡುತ್ತಿದ್ದರಿಂದ ಜೀವ ಉಳಿಯಿತು.

ಮೂರನೆಯ ದಿನ ಮಧ್ಯಾಹ್ನ ನನ್ನಾಕೆ ಬೀಗಿತ್ತಿಯ ಕೋಣೆಗೆ ಸೂಜಿದಾರ ಕೇಳಲು ಹೋದವಳು ಅರ್ಧ ತಾಸು ಬಿಟ್ಟು ಬಂದಳು. ಬಾಯಿ ಒರೆಸಿಕೊಳ್ಳುತ್ತಿದ್ದಳು.

"ಎಂತ ತಿಂದೆ?"

"ಏನಿಲ್ಲ."

"ತುಟಿ ಮೇಲೆ ಗುರೆಳ್ಳು ಚಟ್ನಿಪುಡಿ ಅದೆ."

ನಕ್ಕುಬಿಟ್ಟಳು. ಬೀಗಿತ್ತಿಯ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಪ್ಪತ್ತು ಖಡಕ್ ರೊಟ್ಟಿ, ಚಟ್ನಿಪುಡಿ, ಹಚ್ಚಿದ ಅವಲಕ್ಕಿ ಇದ್ದವಂತೆ. "ಹ್ವಾದ ವರ್ಸನ ಗೊತ್ತಾತ್ರಿ," ಎಂದರಂತೆ ಬೀಗಿತ್ತಿ. "ನಾಕ ದಿನ ನೀರ ಕುಡದು ಬಂದೀವಿ. ಇವರಿಗೆ ಹೇಳೂ ಹಂಗಿಲ್ಲ. ಊರ ತುಂಬ ಹಾಡಿ ಹೊಗಳ್ಯಾರ. ಈ ಸಲ ನಾ ಕಟ್ಟಿಕೊಂಡ ಬಂದೆ. ಅವರೂ ಬಾಗಲಾ ಹಾಕ್ಕೊಂಡು ತಿಂತಾರ, ನಿಮ್ಮವರಿಗೆ ಹೇಳಬ್ಯಾಡ್ರಿ ಮತ್ತ."

ಆರು ತಿಂಗಳು ತಿಥಿ ಮನೆಯಲ್ಲೂ ಕೇಳಿದ ಹಡಗಿನ ಪುರಾಣದ ತಳದಲ್ಲಿ ಖಡಕ್ ರೊಟ್ಟಿ ಇತ್ತು! ನನಗೆ ಎಂಥ ಸುಖವಾಯಿತೆಂದರೆ, ಹಸಿವೆಯೇ ಒಂದು ಗಳಿಗೆ ಇಳಿಯಿತು. ಈಗ ನಾನು ಬರೀ ಕೂತಿದ್ದರೆ ಸಾಕು. ಇನ್ನೆರಡು ರಾತ್ರಿ ಏಳದೆ, ಕೇಳದೆ ಕೂತಿದ್ದರೆ ಗೆದ್ದೆ.

ಆ ಸಂಜೆ ಅಡಿಗೆಯವರು, ಕರ್ನಾಟಕದವರಿದ್ದಾರೆ ಎಂದು ಯಾರಿಂದಲೋ ತಿಳಿದು, ಹೋಳಿಗೆ ಮಾಡಿದ್ದರು. ನಿಜವಾದ ಹೋಳಿಗೆ. ಅಂಗೈ ಅಗಲ, ಮೇಲೆ ತುಪ್ಪ. ದೊಡ್ಡ ತಾಟಿನಲ್ಲಿ ಗೋಪುರದಂತೆ ಪೇರಿಸಿದ್ದನ್ನು ಬಡಿಸುವವನು ಎಲ್ಲರಿಗೂ ತೋರಿಸುತ್ತ ತಂದ. ವಾಸನೆ ಮೊದಲು ಬಂತು. ನನ್ನಾಕೆಯ ಹತ್ತಿರ ಬಾಗಿ, "ಹೋಳಿಗೆ, ಮೇಡಂ?" ಎಂದ.

"ಬೇಡ ಬೇಡ," ಎಂದಳು.

ಯೋಚಿಸಿ ಹೇಳಿದ್ದಲ್ಲ. ಅದು ಉಸಿರಾಡಿದ ಹಾಗೆ, ತಾನಾಗಿ ಬಂತು. ಆತ "ಓಕೆ ಮೇಡಂ" ಎಂದು ತಾಟು ಎತ್ತಿ ತಿರುಗಿದ. ಅವಳ ಕಣ್ಣು ಆ ತಾಟಿನ ಹಿಂದೆ ಹೋಯಿತು, ಕೊನೆಯ ಬಸ್ಸು ತಪ್ಪಿದವರು ಬಸ್ಸಿನ ಬೆನ್ನು ನೋಡುವ ಹಾಗೆ. ಬೀಗಿತ್ತಿಯ ಕಣ್ಣೂ ಹೋಯಿತು.

ಬಡಿಸುವ ಕಸುಬಿನವನು ಎಲ್ಲ ತಡೆದುಕೊಂಡಾನು, ಇದೊಂದನ್ನು ಬಿಟ್ಟು. ಬಾಯಲ್ಲಿ ಬೇಡ, ಕಣ್ಣು ಪಾತ್ರೆಯ ಮೇಲೆ. ಅದನ್ನು ನೋಡಿಯೂ ಕೂತಿದ್ದರೆ ನಾನು ಇಷ್ಟು ವರ್ಷ ಮಾಡಿದ್ದೇನು?

ಎದ್ದೆ. ತೊಡೆಯ ಮೇಲೆ ಹಾಸಿದ್ದ ಬಿಳಿ ಬಟ್ಟೆಯನ್ನು ಹೆಗಲಿಗೆ ಹಾಕಿದೆ. ಆತನ ಕೈಯಿಂದ ತಾಟು ತೆಗೆದುಕೊಂಡೆ. ಕೊಡದೆ ಏನು ಮಾಡಿಯಾನು, ಹೊತ್ತು ಬೆಳೆದ ಕೈ ಇದು.

"ಬೇಡ ಅಂದ್ನಲ್ಲ ಮಾರಾಯ್ರೇ," ಎಂದಳು ಹೆಂಡತಿ, ಮುಖ ಅರಳಿಸಿಕೊಂಡು.

"ಕೇಳಿಸ್ತು," ಎಂದು ಎರಡು ಹಾಕಿದೆ.

ಬೀಗಿತ್ತಿ ಎರಡೂ ಕೈ ಅಡ್ಡ ಹಿಡಿದರು. "ಅಯ್ಯ, ಒಲ್ಲೆ ಅಂದ್ರ ಒಲ್ಲೆರೀ ಅಣ್ಣಾರ!"

"ಒಂದು, ಒಂದೇ ಒಂದು. ಮಗಳ ಮುಖ ನೋಡಿ," ಎಂದು ಎರಡು ಹಾಕಿದೆ. ಬೀಗರು ನನ್ನನ್ನೇ ನೋಡುತ್ತಿದ್ದರು. ಅವರು ಬೇಡ ಎನ್ನಲು ಬಾಯಿ ತೆರೆಯುವುದರೊಳಗೆ ಮೂರು ಬಿದ್ದಿದ್ದವು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಕಾಲು ನಿಲ್ಲಲಿಲ್ಲ. ಪಕ್ಕದ ಮೇಜಿನ ಪುಣೆಯ ಅಜ್ಜಿಗೆ, ಆಕೆಯ ಗಂಡನಿಗೆ, ಅದರಾಚೆಯ ಮೇಜಿಗೆ. "ಏಕ್ ಔರ್, ಏಕ್ ಔರ್, ಐಸಾ ನಹೀಂ ಚಲೇಗಾ." ದೆಹಲಿಯ ಡಾಕ್ಟರರು ಸಕ್ಕರೆ ಕಾಯಿಲೆ ಎಂದು ಅಂಗಲಾಚಿದರು. ಅವರದು ನಿಜವಾದ ಬೇಡ, ಗುರುತಿಸಿ ಬಿಟ್ಟೆ. ಉಳಿದವರು ನಗುತ್ತ ನಗುತ್ತ ತಿಂದರು. ಫೋನು ಎತ್ತಿ ಚಿತ್ರ ತೆಗೆದರು. ಹಡಗಿನ ಮೇಲ್ವಿಚಾರಕಿ ಓಡಿ ಬಂದು ನೋಡಿ, ಕೈಮುಗಿದು, ನಾಳೆ ರಾತ್ರಿಯೂ ಹೀಗೆ ಮಾಡುವಿರಾ, ನಮ್ಮ ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ಸೇರಿಸುತ್ತೇವೆ ಎಂದಳು. ಇಷ್ಟು ವರ್ಷ ಅದು ಕೂಲಿಯಾಗಿತ್ತು. ನಲವತ್ತು ಮಂದಿ ಶ್ರೀಮಂತರು ಕೂತು ನೋಡಿದ ಮೇಲೆ ಸಂಸ್ಕೃತಿಯಾಯಿತು.

ತಿರುಗಿ ಬಂದು ಖುರ್ಚಿಯಲ್ಲಿ ಕೂತಾಗ ತಾಟು ಖಾಲಿ. ಹೋಳಿಗೆ ಮುಗಿದಿತ್ತು. ನನ್ನ ಎದುರಿಗೆ ಏನೂ ಇರಲಿಲ್ಲ. ಆಗ ತಿಳಿಯಿತು ನಾನು ಏನು ಮಾಡಿಕೊಂಡೆನೆಂದು. ಅಷ್ಟು ಹಣ ಕಟ್ಟಿ, ಗೋವಾಕ್ಕೆ ಹೋಗಿ, ಸಮುದ್ರದ ಮಧ್ಯೆ ಕೂತರೂ ಎದ್ದು ಬಡಿಸಿ, ಕೊನೆಯ ಪಂಕ್ತಿಗೇ ಉಳಿದಿದ್ದೆ. ಬೀಗರು ಈಗ ಮದುವೆಯ ದಿನದ ಆ ಮಾತು ಹೇಳುತ್ತಾರೆ ಎಂದು ಕಾದೆ.

ಬೀಗರು ಚಮಚ ಕೆಳಗಿಟ್ಟರು. ನನ್ನ ಖಾಲಿ ತಾಟು ನೋಡಿದರು. ಮೂರನೆಯ ಹೋಳಿಗೆ ಅವರ ತಾಟಿನಲ್ಲಿ ಹಾಗೇ ಇತ್ತು, ಎಂಜಲಾದ ತಾಟಿನದನ್ನು ಎತ್ತಿ ಕೊಡುವ ಹಾಗಿಲ್ಲ. ಕೈಯೆತ್ತಿ ಬಡಿಸುವವನನ್ನು ಕರೆದರು. ಮೇಜಿನವರಿಗೆಲ್ಲ, ಪಕ್ಕದ ಮೇಜಿಗೂ ಕೇಳುವಂತೆ, ತಮ್ಮ ಪೇಟೆಯ ಹಿಂದಿಯಲ್ಲಿ ಕೂಗಿದರು:

"ಏ ತಮ್ಮಾ, ಇನ್ಕೋ ಚಾವಲ್ ಲಾವ್. ಜಾದಾ ಲಾವ್. ಮುಝೇ ಭೀ ಲಾವ್. ಮೂರು ದಿನ ಆತು, ಭೂಕ್ ಲಗ್ಯಾ ಹೈ!"

ಬೀಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡರು. ಮೊದಲು ಕೇಳಿದವರು ಬೀಗರು. ಸೋತವರು ಅವರು. ಆದರೆ ಗೆದ್ದ ಹಾಗೆ ಯಾಕೋ ನನಗೆ ಅನ್ನಿಸಲಿಲ್ಲ.

"ನೀವು ಬಡಿಸೂದು ಚೊಲೋನ ಕಾಣತೈತ್ರಿ ಬೀಗರ," ಎಂದರು, ನನ್ನನ್ನು ನೋಡದೆ. "ಆದ್ರ ನೀವು ಉಣ್ಣೂದು ನಾ ಒಂದಿನಾನೂ ನೋಡಿಲ್ಲ. ಕುಂದರ್ರಿ ಇನ್ನ."

ಅನ್ನ ಬಂತು. ಬಟ್ಟಲು ಬೋರಲು ಹಾಕಿ ಮಾಡಿದ ಗುಡ್ಡೆ, ನೆತ್ತಿಗೆ ಒಂದು ಕೊತ್ತಂಬರಿ ಎಲೆ. ಹಿಂದೆಯೇ ತೊವ್ವೆ. ಆತ ಬಾಗಿ, ಇನ್ನೂ ಹಾಕಲೇ ಎಂದು ಕೇಳಿದ.

ಜೀವಮಾನದಲ್ಲಿ ಮೊದಲ ಸಲ "ಹಾಕು" ಎಂದೆ. ನಾಚಿಕೆಯಾಯಿತು. ಹಾಕಿದ.

ಮಾರನೆಯ ರಾತ್ರಿ ಆ ಸಾಂಸ್ಕೃತಿಕ ಕಾರ್ಯಕ್ರಮ ನಡೆಯಲಿಲ್ಲ. ಮೇಲ್ವಿಚಾರಕಿ ಎರಡು ಸಲ ಬಂದು ಕೇಳಿದಳು. ನಾನು ಬೇಡ ಎಂದೆ, ನಂಬಿದಳು. ಹಡಗಿನವರ ಆ ಗುಣ ಒಂದಕ್ಕೆ ಅವತ್ತು ಬೆಲೆ ಬಂತು.

ಊರಿಗೆ ಬಂದ ಮೇಲೆ ಅಡಿಗೆ ಭಟ್ಟರಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. "ಒತ್ತಾಯ ಇಲ್ಲೆ ಅಂದ್ರೆ ಅದು ಊಟ ಅಲ್ಲ ಮಾರಾಯ, ಔಷಧ," ಎಂದರು, ಮತ್ತೆ ಸೌಟು ತಿರುಗಿಸಿದರು.

ದೀಪಾವಳಿಗೆ ಬೀಗರ ಮನೆಗೆ ಹೋದೆವು. ಕಾಲು ತೊಳೆದೆ. ಅಡಿಗೆ ಮನೆಯ ಕಡೆ ನೋಡಿ ಎಂದು ಯಾರೂ ಹೇಳಲಿಲ್ಲ. ಎಲೆಯ ಮುಂದೆ ಕೂರಿಸಿದರು. ಆಮೇಲೆ ನೋಡುತ್ತೇನೆ, ಬೀಗರು ಧೋತರದ ತುದಿ ಸೊಂಟಕ್ಕೆ ಸಿಕ್ಕಿಸಿ, ಸಾರಿನ ಬಕೆಟ್ಟನ್ನು ಎರಡು ಕೈಯಲ್ಲಿ, ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದು ಬರುತ್ತಿದ್ದಾರೆ. ಅನ್ನ ಬೀಳುವ ಮೊದಲೇ ನನ್ನ ಎಲೆಗೆ ಸಾರು ಸುರಿದರು. ಅದು ಹರಿದು ನನ್ನ ತೊಡೆಗೆ ಬಂತು. ಬಿಸಿ ಇತ್ತು. ಏಳಲಿಲ್ಲ. ಹೋಳಿಗೆ ತಂದರು.

"ಬೇಡ," ಎಂದೆ.

"ಆತು ಬಿಡ್ರಿ," ಎಂದು ಮುಂದಿನ ಎಲೆಗೆ ಹೋದರು.

ಒಳಗಿನಿಂದ ಬೀಗಿತ್ತಿ ಕೂಗಿದರು: "ರೀ! ಬ್ಯಾಡ ಅಂದವರಿಗೆ ಹಾಕಬೇಕ್ರೀ! ಹಡಗಿನ್ಯಾಗ ಏನ ಕಲತ್ರಿ ಮತ್ತ?"

ಬೀಗರು ತಿರುಗಿ ಬಂದರು. ಎರಡು ಹಾಕಿದರು. ಒಂದು ಎಲೆಗೆ ಬಿತ್ತು, ಒಂದು ನೆಲಕ್ಕೆ.

ಈಗ ನನ್ನ ಬಳಿ ಇರುವುದು ಇಷ್ಟು. ಖುರ್ಚಿ ಒಂಬೈನೂರು, ಅದರಲ್ಲಿ ಕಾಲು ಅಲುಗುವವು ನಲವತ್ತು. ಕೊಳಗ ಅರವತ್ತೆರಡು. ಜಮಖಾನೆ ಮೂವತ್ತು. ಟೆಂಪೊ ಎರಡು. ಕೋಣೆ ಗುಡಿಸುವವನು ಹೊರಡುವಾಗ ಹೆಂಡತಿಗೆ ಕೊಟ್ಟ ಟವೆಲು ಒಂದು, ಇನ್ನೂ ಹಂಸವಾಗಿಯೇ ಕಪಾಟಿನಲ್ಲಿದೆ. ಹೆಂಡತಿ ಒಬ್ಬಳು. ಮಗಳು ಒಬ್ಬಳು. ಬೀಗರು ಒಬ್ಬರು, ಬಡಿಸುವುದನ್ನು ಇನ್ನೂ ಕಲಿಯುತ್ತಿದ್ದಾರೆ.